ಓದುಗರ ಪ್ರಶ್ನೆ: ಆರ್‌ಎನ್‌ಎಗೆ ಟೋಪಿ ಯಾಕೆ, ಬಾಲ ಯಾಕೆ?

ಹೋದ ಸಂಚಿಕೆಯಲ್ಲಿ ಡಿಎನ್‌ಎ ನೋಡಿಕೊಂಡು ಆರ್‌ಎನ್‌ಎ ಹೇಗೆ ತಯಾರಾಗುತ್ತದೆ ಅಂತ ಬರೆದಿದ್ದೆ. ಕೊನೆಗೆ "ಎರಡೂ ತುದಿ ಸರಿಮಾಡಿದ ಮೇಲೆ ಜೀವಕೋಶ ಅದನ್ನು ಕೆಲಸಕ್ಕೆ ಕಳಿಸುತ್ತದೆ" ಅಂತ ಒಂದೇ ಸಾಲು ಬರೆದು ಮುಗಿಸಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಸಾಲನ್ನೇ ಹಿಡಿದುಕೊಂಡಿವೆ. ಸರಿಯಾದ ಜಾಗವನ್ನೇ ಹಿಡಿದಿದ್ದೀರಿ. ಅದು ಒಂದು ಸಾಲಿನಲ್ಲಿ ಮುಗಿಯುವ ವಿಷಯವೇ ಅಲ್ಲ. ಈ ಸಲದ ಪುಟ ಪೂರ್ತಿ ಅದಕ್ಕೇ.

ಪ್ರಶ್ನೆ: ನಾನು ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದೇನೆ. ಎಂಆರ್‌ಎನ್‌ಎ ತಲೆಗೆ ಒಂದು ಟೋಪಿ, ಹಿಂದೆ ಒಂದು ಬಾಲ ಅಂತ ಪುಸ್ತಕದಲ್ಲಿ ಚಿತ್ರ ಇದೆ. ಬಾಯಿಪಾಠ ಮಾಡಿದ್ದೇನೆ, ಅರ್ಥ ಆಗಿಲ್ಲ. ಟೋಪಿ ಅಂದರೆ ಇನ್ನೊಂದು 'ಜಿ' ಅಕ್ಷರವೇ ಅಲ್ವಾ? ಸರದಲ್ಲಿ ಹೇಗೂ ಬೇಕಾದಷ್ಟು 'ಜಿ' ಇರುತ್ತವೆ. ಇದೊಂದಕ್ಕೆ ಯಾಕೆ ಬೇರೆ ಹೆಸರು?

ಉತ್ತರ: ಹೊಸಬರಿಗೆ ಮೊದಲು ಒಂದು ಮಾತು. ಎಂಆರ್‌ಎನ್‌ಎ ಅಂದರೆ ಡಿಎನ್‌ಎಯಿಂದ ನಕಲಾದ, ಪ್ರೋಟೀನು ತಯಾರಿಸಲು ಬೇಕಾದ ಸಂದೇಶ; ಎ, ಯು, ಜಿ, ಸಿ ಅನ್ನುವ ನಾಲ್ಕು ಅಕ್ಷರಗಳ ಸರ ಅದು. ಈಗ ಪ್ರಶ್ನೆಗೆ: ಅಕ್ಷರ ಅದೇ, ನಿಜ. ಕೂತಿರುವ ರೀತಿ ಬೇರೆ.

ಆರ್‌ಎನ್‌ಎ ಸರದ ಪ್ರತಿ ಅಕ್ಷರಕ್ಕೂ ಎರಡು ಕೈ ಇವೆ ಅಂತ ಇಟ್ಟುಕೊಳ್ಳಿ. ರಸಾಯನಶಾಸ್ತ್ರದವರು ಒಂದಕ್ಕೆ 5 ಅಂತಲೂ ಇನ್ನೊಂದಕ್ಕೆ 3 ಅಂತಲೂ ಕರೆಯುತ್ತಾರೆ. ಒಂದು ಅಕ್ಷರದ 3, ಮುಂದಿನ ಅಕ್ಷರದ 5 ಅನ್ನು ಹಿಡಿದುಕೊಳ್ಳುತ್ತದೆ. ಸರ ಪೂರ್ತಿ ಹೀಗೇ. ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ಸಾಲಾಗಿ ನಿಂತ ಹಾಗೆ. ಟೋಪಿಯ 'ಜಿ' ಮಾತ್ರ ತಿರುಗಿ ನಿಂತಿದೆ. ಅದರ 5, ಸರದ ಮೊದಲನೇ ಅಕ್ಷರದ 5ಕ್ಕೆ ಎದುರುಬದುರಾಗಿ ಸೇರಿಕೊಂಡಿದೆ, ನಡುವೆ ಮೂರು ಫಾಸ್ಫೇಟ್‌ಗಳ ಸೇತುವೆ. ಮೇಲಿಂದ ಆ 'ಜಿ'ಯ 7ನೇ ಸ್ಥಾನಕ್ಕೆ ಒಂದು ಮೀಥೈಲ್ ಗುಂಪನ್ನೂ ಅಂಟಿಸಿರುತ್ತದೆ. ಸರದ ಒಳಗೆ ಎಷ್ಟೇ ಹುಡುಕಿದರೂ ಇಂಥ ಜೋಡಣೆ ನಿಮಗೆ ಸಿಗುವುದಿಲ್ಲ.

ಇದರಿಂದ ಏನು ಲಾಭ? ಜೀವಕೋಶದೊಳಗೆ ಆರ್‌ಎನ್‌ಎಯನ್ನು ತುದಿಯಿಂದ ತಿಂದು ಹಾಕುವ ಕಿಣ್ವಗಳಿವೆ. 5ರ ತುದಿಯಿಂದ ತಿನ್ನುವ ಮುಖ್ಯ ಕಿಣ್ವಗಳು ಅಲ್ಲಿ ಒಂಟಿ ಫಾಸ್ಫೇಟ್ ಇರುವ ಬರಿಯ ತುದಿಯನ್ನು ಹುಡುಕುತ್ತವೆ. ತಿರುಗಿ ಕೂತ 'ಜಿ' ಅವುಗಳ ಬಾಯಿಗೆ ಹೊಂದುವುದೇ ಇಲ್ಲ. ಇದು ಮೊದಲನೇ ಲಾಭ. ಎರಡನೆಯದು, ಪ್ರೋಟೀನು ತಯಾರಿಸುವ ರೈಬೋಸೋಮ್‌ಗೆ 'ಇಲ್ಲಿಂದ ಹತ್ತು' ಅಂತ ತೋರಿಸುವ ಗುರುತೂ ಇದೇ ಟೋಪಿ. ಇಐಎಫ್‌-4ಇ ಅನ್ನುವ ಪ್ರೋಟೀನು ಟೋಪಿಯನ್ನು ಹಿಡಿದುಕೊಳ್ಳುತ್ತದೆ, ಅದರ ಬೆನ್ನಿಗೆ ಉಳಿದವರು ಬರುತ್ತಾರೆ, ಆಮೇಲೆ ರೈಬೋಸೋಮ್.

ನನಗೆ ಇದರಲ್ಲಿ ತುಂಬ ಇಷ್ಟವಾಗುವುದು ಹೊತ್ತು ನೋಡಿ ಮಾಡುವ ಕೆಲಸ. ಆರ್‌ಎನ್‌ಎ ಪೂರ್ತಿ ಬರೆದು ಮುಗಿಯಲಿ, ಆಮೇಲೆ ಟೋಪಿ ಹಾಕೋಣ ಅಂತ ಕೋಶ ಕಾಯುವುದಿಲ್ಲ. ನಕಲು ಮಾಡುವ ಯಂತ್ರದಿಂದ ಇನ್ನೂ 20–30 ಅಕ್ಷರ ಹೊರಗೆ ಬಂದಿರುತ್ತದೆ ಅಷ್ಟೇ, ಆಗಲೇ ಟೋಪಿ ಬಿದ್ದಿರುತ್ತದೆ. ಇದು ಹೇಗೆ ಸಾಧ್ಯ ಅಂದರೆ, ನಕಲು ಮಾಡುವ ಆರ್‌ಎನ್‌ಎ ಪಾಲಿಮರೇಸ್‌-2 ಅನ್ನುವ ಯಂತ್ರಕ್ಕೇ ಒಂದು ಉದ್ದನೆಯ ಬಾಲ ಇದೆ. ಏಳು ಅಮೈನೋ ಆಮ್ಲಗಳ ಒಂದೇ ಪದವನ್ನು ಮತ್ತೆ ಮತ್ತೆ ಬರೆದ ಹಾಗಿರುವ ಬಾಲ ಅದು, ಮನುಷ್ಯರಲ್ಲಿ 52 ಸಲ. ಟೋಪಿ ತೊಡಿಸುವ ಕಿಣ್ವಗಳು ಆ ಬಾಲಕ್ಕೆ ಅಂಟಿಕೊಂಡೇ ಸವಾರಿ ಮಾಡುತ್ತಿರುತ್ತವೆ. ಆರ್‌ಎನ್‌ಎಯ ತಲೆ ಹೊರಗೆ ಬಂದಾಗ ಅವು ಪಕ್ಕದಲ್ಲೇ ಇರುತ್ತವೆ. ಒಂದು ಫಾಸ್ಫೇಟನ್ನು ತೆಗೆಯುವುದು, 'ಜಿ'ಯನ್ನು ತಿರುಗಿಸಿ ಕೂರಿಸುವುದು, ಮೀಥೈಲ್ ಹಾಕುವುದು, ಹೀಗೆ ಮೂರು ಹೆಜ್ಜೆ. ಪರೀಕ್ಷೆಯಲ್ಲಿ ಈ ಮೂರು ಹೆಜ್ಜೆ ಬರೆದರೆ ಸಾಕು. ಆ ತಿರುಗಿ ಕೂತ ಜೋಡಣೆಯ ಚಿತ್ರವನ್ನು ಮಾತ್ರ ಒಂದು ಸಲ ನಿಮ್ಮ ಕೈಯಾರೆ ಬರೆದು ನೋಡಿ, ಆಮೇಲೆ ಮರೆಯುವುದಿಲ್ಲ.

ಪ್ರಶ್ನೆ: ಜೀನ್ ಎಲ್ಲಿ ಮುಗಿಯುತ್ತದೋ ಅಲ್ಲಿ ಆರ್‌ಎನ್‌ಎಯೂ ಮುಗಿಯಬೇಕು, ಅದು ಸಹಜ. ಹಾಗಿದ್ದರೆ ಕೊನೆಯಲ್ಲಿ ಕತ್ತರಿಸಿ, ಆಮೇಲೆ ಬಾಲ ಅಂಟಿಸುವುದು ಯಾಕೆ? ಸರಿಯಾದ ಜಾಗದಲ್ಲಿ ಸುಮ್ನೆ ನಿಲ್ಲಿಸಿದ್ದರೆ ಆಗುತ್ತಿರಲಿಲ್ವಾ?

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಥ್ಯಾಂಕ್ಸ್. ನಾನೂ ಓದುವ ದಿನಗಳಲ್ಲಿ ನಿಮ್ಮ ಹಾಗೆಯೇ ಅಂದುಕೊಂಡಿದ್ದೆ. ಬರೆಯುವವನು ಕೊನೆಗೆ ಬಂದ, ಪೂರ್ಣವಿರಾಮ ಇಟ್ಟ, ಪೆನ್ನು ಎತ್ತಿದ.

ಹಾಗೆ ನಡೆಯುವುದೇ ಇಲ್ಲ. ಪಾಲಿಮರೇಸ್‌ಗೆ ನಿಲ್ಲುವುದು ತಾನಾಗಿ ಬರುವುದಿಲ್ಲ. ಪ್ರೋಟೀನಿಗೆ ಬೇಕಾದ ಭಾಗ ಮುಗಿದರೂ ಅದು ಓಡುತ್ತಲೇ ಇರುತ್ತದೆ, ನೂರಾರು ಅಕ್ಷರ, ಎಷ್ಟೋ ಸಲ ಸಾವಿರಾರು ಅಕ್ಷರ ಆಚೆಗೂ. ಆರ್‌ಎನ್‌ಎಯ ಕೊನೆ ಅಂತ ನಾವು ಚಿತ್ರದಲ್ಲಿ ನೋಡುವುದು ಬರವಣಿಗೆ ನಿಂತ ಜಾಗ ಅಲ್ಲ, ಕತ್ತರಿ ಬಿದ್ದ ಜಾಗ. ಇದೊಂದು ಮಾತು ತಲೆಯಲ್ಲಿ ಕೂತರೆ ಉಳಿದಿದ್ದೆಲ್ಲ ಸಲೀಸು.

ಎಲ್ಲಿ ಕತ್ತರಿಸಬೇಕು ಅನ್ನುವುದು ಆರ್‌ಎನ್‌ಎಯಲ್ಲೇ ಬರೆದಿರುತ್ತದೆ. ಎ-ಎ-ಯು-ಎ-ಎ-ಎ. ಆರೇ ಅಕ್ಷರ. ನಿಕ್ ಪ್ರೌಡ್‌ಫುಟ್ ಮತ್ತು ಜಾರ್ಜ್ ಬ್ರೌನ್ಲಿ 1976ರಲ್ಲಿ ಬೇರೆ ಬೇರೆ ಎಂಆರ್‌ಎನ್‌ಎಗಳ ಕೊನೆಯ ಭಾಗವನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಈ ಆರು ಅಕ್ಷರ ಎಲ್ಲದರಲ್ಲೂ ಕಣ್ಣಿಗೆ ಬಿದ್ದವು. ಆಗಿನ ಕಾಲದಲ್ಲಿ ಒಂದೊಂದು ಅಕ್ಷರ ಓದುವುದೂ ವಾರಗಟ್ಟಲೆಯ ಕೆಲಸ. ಈಗಲೂ ಅದೇ ಆರು ಅಕ್ಷರ ಪಾಠಪುಸ್ತಕದಲ್ಲಿದೆ. ಕೆಲವು ಜೀನ್‌ಗಳಲ್ಲಿ ಒಂದು ಅಕ್ಷರ ಅತ್ತಿತ್ತ ಆಗಿರಬಹುದು, ಎ-ಯು-ಯು-ಎ-ಎ-ಎ ಅಂತ ಇರುವುದೂ ಉಂಟು.

ಈ ಗುರುತು ಹೊರಗೆ ಬಂದ ಕೂಡಲೇ ಸಿಪಿಎಸ್‌ಎಫ್ ಅನ್ನುವ ಪ್ರೋಟೀನುಗಳ ತಂಡ ಅದನ್ನು ಹಿಡಿಯುತ್ತದೆ. ಅದರಿಂದ ಸ್ವಲ್ಪ ಮುಂದೆ 'ಜಿ', 'ಯು' ಜಾಸ್ತಿ ಇರುವ ಜಾಗವನ್ನು ಸಿಎಸ್‌ಟಿಎಫ್ ಅನ್ನುವ ಇನ್ನೊಂದು ತಂಡ ಹಿಡಿಯುತ್ತದೆ. ಇಬ್ಬರೂ ಎರಡು ಕಡೆ ಗಟ್ಟಿಯಾಗಿ ಹಿಡಿದಾಗ ನಡುವಿನ ಜಾಗದಲ್ಲಿ ಕತ್ತರಿ ಬೀಳುತ್ತದೆ. ಗುರುತಿನಿಂದ ಸುಮಾರು 10–30 ಅಕ್ಷರ ಆಚೆಗೆ. ಕತ್ತರಿಸುವವನು ಸಿಪಿಎಸ್‌ಎಫ್ ತಂಡದೊಳಗೇ ಇದ್ದಾನೆ, ಸಿಪಿಎಸ್‌ಎಫ್‌-73 ಅಂತ ಹೆಸರು. ಕೆಲಸಕ್ಕೆ ಸತುವಿನ ಅಯಾನುಗಳು ಬೇಕು ಅವನಿಗೆ.

ಈಗ ಎರಡು ತುಂಡಾಯಿತು. ತಲೆಯ ಕಡೆಯ ತುಂಡು ನಮಗೆ ಬೇಕಾದ ಎಂಆರ್‌ಎನ್‌ಎ. ಅದಕ್ಕೆ ಟೋಪಿ ಇದೆ, ಈಗ ಬಾಲ ಬರುತ್ತದೆ. ಉಳಿದ ತುಂಡೋ? ಅದು ಇನ್ನೂ ಪಾಲಿಮರೇಸ್‌ನಿಂದ ಹೊರಗೆ ಬರುತ್ತಲೇ ಇದೆ, ಅದರ ತಲೆಗೆ ಟೋಪಿ ಇಲ್ಲ. ಮೇಲಿನ ಉತ್ತರದಲ್ಲಿ ಬರಿಯ ತುದಿಯನ್ನು ಹುಡುಕುವ ಕಿಣ್ವಗಳ ಮಾತು ಹೇಳಿದ್ದೆನಲ್ಲ, ಅಂಥದ್ದೇ ಒಂದು, ಎಕ್ಸ್‌ಆರ್‌ಎನ್‌-2 ಅಂತ, ಕತ್ತರಿಸಿದ ಆ ತುದಿಯನ್ನು ಕಚ್ಚಿ, ಅಕ್ಷರ ಅಕ್ಷರವಾಗಿ ತಿನ್ನುತ್ತ, ಇನ್ನೂ ಬರೆಯುತ್ತಿರುವ ಪಾಲಿಮರೇಸನ್ನು ಬೆನ್ನಟ್ಟುತ್ತದೆ. ಹೋಗಿ ಮುಟ್ಟಿದಾಗ ಪಾಲಿಮರೇಸ್ ಡಿಎನ್‌ಎ ಬಿಟ್ಟು ಕಳಚಿಕೊಳ್ಳುತ್ತದೆ. ವಿಜ್ಞಾನಿಗಳು ಇದಕ್ಕೆ ಟಾರ್ಪೆಡೊ ಅಂತ ಹೆಸರಿಟ್ಟಿದ್ದಾರೆ. ಯೀಸ್ಟಿನಲ್ಲೂ ಮನುಷ್ಯರ ಕೋಶದಲ್ಲೂ ಇದಕ್ಕೆ ಪುರಾವೆ ಸಿಕ್ಕಿದ್ದು 2004ರಲ್ಲಿ. ಪಾಲಿಮರೇಸ್ ನಿಲ್ಲುವುದಕ್ಕೆ ಇದೊಂದೇ ಕಾರಣ ಅಂತ ತಿಳಿಯಬೇಡಿ. ಗುರುತನ್ನು ದಾಟಿದ ಮೇಲೆ ಪಾಲಿಮರೇಸ್‌ನ ಸ್ವಭಾವವೇ ಸ್ವಲ್ಪ ಬದಲಾಗುತ್ತದೆ, ವೇಗ ಇಳಿಯುತ್ತದೆ. ಅದು ನಿಧಾನವಾಗುವುದರಿಂದಲೇ ಬೆನ್ನಟ್ಟುವವನಿಗೆ ಕೈಗೆ ಸಿಗುತ್ತದೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ತಿರುಗಿಸಿ ಹೇಳಬಹುದು. ಕತ್ತರಿಸಿದ್ದರಿಂದಲೇ ನಿಲ್ಲುತ್ತದೆ. ಮನುಷ್ಯರ ಡಿಸ್ಟ್ರೋಫಿನ್ ಜೀನ್ ಸುಮಾರು 22 ಲಕ್ಷ ಅಕ್ಷರ ಉದ್ದ, ಒಂದು ನಕಲು ಬರೆಯಲು ಸುಮಾರು 16 ಗಂಟೆ ಬೇಕು. ಅಷ್ಟು ದುಡಿದು ಬರೆದಿದ್ದು ಉಳಿಯಬೇಕಾದರೆ ಕೊನೆಯಲ್ಲಿ ಆ ಆರು ಅಕ್ಷರ ಸರಿ ಇರಬೇಕು.

ಪ್ರಶ್ನೆ: ಬಾಲದಲ್ಲಿ ಬರೀ 'ಎ' ಇರುತ್ತವೆ ಅಂತೀರಿ. ಹಾಗಾದರೆ ಡಿಎನ್‌ಎಯಲ್ಲಿ ಅದಕ್ಕೆ ಸರಿಯಾಗಿ ಇನ್ನೂರು 'ಟಿ' ಇರಬೇಕು ಅಲ್ವಾ? ಜೀನ್ ಬ್ಯಾಂಕಿನಲ್ಲಿ ಹುಡುಕಿದೆ, ಕಾಣಲಿಲ್ಲ.

ಉತ್ತರ: ಹುಡುಕಿ ನೋಡಿದ್ದೀರಲ್ಲ, ತುಂಬ ಖುಷಿಯಾಯಿತು. ಡಿಎನ್‌ಎಯ 'ಟಿ'ಗೆ ಜೋಡಿ 'ಎ', ಅದು ನಿಜ. ಆದರೆ ಇಲ್ಲದ್ದು ಹೇಗೆ ಕಾಣುತ್ತದೆ? ಬಾಲ ಡಿಎನ್‌ಎಯಲ್ಲಿ ಇಲ್ಲ. ಪಾಲಿ-ಎ ಪಾಲಿಮರೇಸ್ ಅನ್ನುವ ಕಿಣ್ವ ಯಾವ ಮೂಲಪ್ರತಿಯನ್ನೂ ನೋಡದೆ, ಎಟಿಪಿ ಅನ್ನುವ ಅಣುಗಳಿಂದ ಒಂದೊಂದೇ 'ಎ' ತೆಗೆದು ಕತ್ತರಿಸಿದ ತುದಿಗೆ ಪೋಣಿಸುತ್ತ ಹೋಗುತ್ತದೆ.

ಇದರ ಕಥೆ ಹೇಳಬೇಕು. ಮೇರಿ ಎಡ್ಮಂಡ್ಸ್ ಮತ್ತು ರಿಚರ್ಡ್ ಅಬ್ರಾಮ್ಸ್ 1960ರಲ್ಲೇ ಕರುವಿನ ಥೈಮಸ್ ಗ್ರಂಥಿಯ ಕೋಶಗಳಲ್ಲಿ 'ಎ'ಗಳನ್ನು ಪೋಣಿಸುವ ಈ ಚಟುವಟಿಕೆಯನ್ನು ಕಂಡಿದ್ದರು. ಆದರೆ ಕೋಶಕ್ಕೆ ಬರೀ 'ಎ'ಗಳ ಸರ ಯಾಕೆ ಬೇಕು? ಯಾರಿಗೂ ಉತ್ತರ ಇರಲಿಲ್ಲ. 1971ರಲ್ಲಿ ಎಡ್ಮಂಡ್ಸ್ ಅವರ ತಂಡವೂ ಸೇರಿ ಮೂರು ಗುಂಪುಗಳು, ಎಂಆರ್‌ಎನ್‌ಎಗೇ ಈ ಸರ ಅಂಟಿಕೊಂಡಿದೆ ಅಂತ ತೋರಿಸಿದವು. ಹನ್ನೊಂದು ವರ್ಷ ಕಾದ ಪ್ರಶ್ನೆ. ಆ ಹೆಣ್ಣುಮಗಳ ಹೆಸರು ಪಾಠಪುಸ್ತಕದಲ್ಲಿ ಇರಬೇಕಾದಷ್ಟು ದೊಡ್ಡದಾಗಿ ಇಲ್ಲ ಅನ್ನುವುದು ನನ್ನ ಬೇಸರ.

ಎಷ್ಟು 'ಎ' ಹಾಕಬೇಕು ಅಂತ ಯಾರು ಎಣಿಸುತ್ತಾರೆ? ಪ್ರಾಣಿಗಳ ಕೋಶದಲ್ಲಿ ಹೊಸ ಬಾಲ ಸುಮಾರು 200–250 'ಎ' ಉದ್ದ, ಯೀಸ್ಟಿನಲ್ಲಿ 70ರ ಆಸುಪಾಸು. ಬೆಳೆಯುತ್ತಿರುವ ಬಾಲದ ಮೇಲೆ ಪಿಎಬಿಪಿಎನ್‌-1 ಅನ್ನುವ ಪ್ರೋಟೀನು ಒಂದಾದ ಮೇಲೊಂದು ಬಂದು ಕೂರುತ್ತದೆ. ಅದು ಕೂತಿರುವವರೆಗೆ, ಆರು ಅಕ್ಷರದ ಗುರುತನ್ನು ಹಿಡಿದಿರುವ ಸಿಪಿಎಸ್‌ಎಫ್ ಜೊತೆ ಪಾಲಿ-ಎ ಪಾಲಿಮರೇಸ್‌ನ ನಂಟು ಉಳಿದಿರುತ್ತದೆ, ಕೆಲಸ ಬಿರುಸಾಗಿ ನಡೆಯುತ್ತದೆ. ಬಾಲ 250ರ ಹತ್ತಿರ ಬಂದಾಗ ಆ ನಂಟು ಕಡಿಯುತ್ತದೆ, ಕಿಣ್ವದ ವೇಗ ಕುಸಿಯುತ್ತದೆ. ಬೆರಳು ಮಡಿಸಿ ಎಣಿಸುವವರು ಯಾರೂ ಇಲ್ಲ. ಉದ್ದವೇ ತನ್ನನ್ನು ತಾನು ನಿಲ್ಲಿಸಿಕೊಳ್ಳುತ್ತದೆ.

ಈ ಬಾಲವನ್ನು ಕಣ್ಣಾರೆ ನೋಡಲು ಆಗುವುದಿಲ್ಲ, ಆದರೆ ಅದು ಇದೆ ಅನ್ನುವುದು ಕೈಗೆ ತಿಳಿಯುತ್ತದೆ. ಲ್ಯಾಬಿನಲ್ಲಿ ಕೋಶದ ಒಟ್ಟು ಆರ್‌ಎನ್‌ಎಯಿಂದ ಎಂಆರ್‌ಎನ್‌ಎಯನ್ನು ಬೇರೆ ಮಾಡಬೇಕು ಅಂತಿಟ್ಟುಕೊಳ್ಳಿ. ಒಟ್ಟು ಆರ್‌ಎನ್‌ಎಯಲ್ಲಿ ಅದು ನೂರಕ್ಕೆ ಒಂದರಿಂದ ಐದು ಪಾಲು ಮಾತ್ರ. ಸಣ್ಣ ಮಣಿಗಳಿವೆ, ಅಯಸ್ಕಾಂತಕ್ಕೆ ಸಿಗುವಂಥವು, ಮೈಮೇಲೆಲ್ಲ 'ಟಿ'ಗಳ ಚಿಕ್ಕ ಸರಗಳು. ಆರ್‌ಎನ್‌ಎಯನ್ನು 65 ಡಿಗ್ರಿಯಲ್ಲಿ ಎರಡು ನಿಮಿಷ ಬಿಸಿ ಮಾಡಿ ಅದರ ಸುರುಳಿ ಬಿಡಿಸಬೇಕು, ಕೂಡಲೇ ಐಸಿನಲ್ಲಿಟ್ಟು, ಉಪ್ಪಿನಂಶ ಜಾಸ್ತಿ ಇರುವ ದ್ರಾವಣದಲ್ಲಿ ಮಣಿಗಳ ಜೊತೆ ಬೆರೆಸಬೇಕು. ಟ್ಯೂಬು ಪೂರ್ತಿ ಕಂದು ಬಣ್ಣದ ಮೋಡದ ಹಾಗೆ ಕಾಣುತ್ತದೆ. ಅದನ್ನು ಅಯಸ್ಕಾಂತದ ಸ್ಟ್ಯಾಂಡಿಗೆ ಸಿಕ್ಕಿಸಿ ಕಾಯಬೇಕು. ನೋಡನೋಡುತ್ತ ಮೋಡ ಒಂದು ಪಕ್ಕಕ್ಕೆ ಸರಿದು ಗೋಡೆಗೆ ಕಂದು ಗೆರೆಯಾಗಿ ಅಂಟುತ್ತದೆ, ಉಳಿದ ನೀರು ತಿಳಿಯಾಗುತ್ತದೆ. ಬಾಲ ಇದ್ದವರೆಲ್ಲ ಗೆರೆಯಲ್ಲಿ, ಇಲ್ಲದವರು ನೀರಿನಲ್ಲಿ. ನೀರು ತೆಗೆದು, ಮಣಿಗಳನ್ನು ತೊಳೆದು, ಉಪ್ಪು ಕಡಿಮೆ ಇರುವ ದ್ರಾವಣ ಹಾಕಿ 80 ಡಿಗ್ರಿಯಲ್ಲಿ ಎರಡು ನಿಮಿಷ ಇಟ್ಟರೆ 'ಎ'ಗಳು 'ಟಿ'ಗಳ ಕೈ ಬಿಡುತ್ತವೆ. ಎಂಆರ್‌ಎನ್‌ಎ ನಿಮ್ಮದು. ಈಗ ಮಣಿ ಬಂದಿವೆ, ಮೊದಲು ಇದನ್ನೇ ಸೆಲ್ಯುಲೋಸ್ ತುಂಬಿದ ಕೊಳವೆಯಲ್ಲಿ ಮಾಡುತ್ತಿದ್ದರು. 1972ರಲ್ಲಿ ಅವಿವ್ ಮತ್ತು ಲೆಡರ್ ಆ ಉಪಾಯ ತೋರಿಸಿದ ಮೇಲೆ ಎಂಆರ್‌ಎನ್‌ಎ ಅಧ್ಯಯನವೇ ಸುಲಭವಾಯಿತು.

ಪ್ರಶ್ನೆ: ಎಲ್ಲ ಆರ್‌ಎನ್‌ಎಗೂ ಇದೇ ಟೋಪಿ, ಇದೇ ಬಾಲವೇ?

ಉತ್ತರ: ಇಲ್ಲ. ಡಿಎನ್‌ಎಯನ್ನು ಸುತ್ತಿಡುವ ಹಿಸ್ಟೋನ್ ಪ್ರೋಟೀನುಗಳಿವೆಯಲ್ಲ, ಕೋಶ ವಿಭಜನೆಯ ಹೊತ್ತಿಗೆ ತಯಾರಾಗುವ ಅವುಗಳ ಎಂಆರ್‌ಎನ್‌ಎಗೆ ಬಾಲ ಇಲ್ಲ. ಕೊನೆಯಲ್ಲಿ ಹೇರ್‌ಪಿನ್ನಿನ ಹಾಗೆ ಮಡಚಿದ ಒಂದು ಕುಣಿಕೆ ಇರುತ್ತದೆ ಅಷ್ಟೇ. ಡಿಎನ್‌ಎ ನಕಲಾಗುವಾಗ ಈ ಸಂದೇಶ ರಾಶಿ ರಾಶಿ ಬೇಕು, ನಕಲಾಗಿ ಮುಗಿದ ಕೂಡಲೇ ಬೇಡ. ಹಾಗಾಗಿ ಅದಕ್ಕೆ ಬೇರೆಯದೇ ಏರ್ಪಾಡು. ಕತ್ತರಿ ಮಾತ್ರ ಅದೇ ಸಿಪಿಎಸ್‌ಎಫ್‌-73.

ಪ್ರೋಟೀನು ತಯಾರಾಗುವ ಕಡೆಗೆ ಅಮೈನೋ ಆಮ್ಲಗಳನ್ನು ಹೊತ್ತು ತರುವ ಟಿಆರ್‌ಎನ್‌ಎಯ ದಾರಿ ಬೇರೆ. ಅದರ ತಲೆಯನ್ನು ಆರ್‌ಎನ್‌ಏಸ್‌-ಪಿ ಕತ್ತರಿಸುತ್ತದೆ. ಬ್ಯಾಕ್ಟೀರಿಯಾದಲ್ಲಿ ಈ ಕಿಣ್ವದ ಕತ್ತರಿಸುವ ಭಾಗ ಪ್ರೋಟೀನೇ ಅಲ್ಲ, ಅದೂ ಒಂದು ಆರ್‌ಎನ್‌ಎ. ಇದನ್ನು ತೋರಿಸಿದ ಸಿಡ್ನಿ ಆಲ್ಟ್‌ಮನ್ ಅವರಿಗೆ ಥಾಮಸ್ ಚೆಕ್ ಜೊತೆಗೆ 1989ರ ನೊಬೆಲ್ ಬಂತು. ಟಿಆರ್‌ಎನ್‌ಎಯ ಹಿಂದಿನ ತುದಿಗೆ ಸಿ-ಸಿ-ಎ ಅನ್ನುವ ಮೂರು ಅಕ್ಷರ ಬೇಕು, ಅಮೈನೋ ಆಮ್ಲ ಕೂರುವುದು ಅಲ್ಲೇ. ನಮ್ಮ ಕೋಶಗಳಲ್ಲಿ ಆ ಮೂರನ್ನೂ ಮೂಲಪ್ರತಿ ನೋಡದೆ ಪೋಣಿಸುವ ಒಂದು ಕಿಣ್ವ ಇದೆ.

ಇನ್ನು ಬ್ಯಾಕ್ಟೀರಿಯಾದಲ್ಲಿ ಬಾಲದ ಅರ್ಥವೇ ಉಲ್ಟಾ. ಅಲ್ಲಿ 'ಎ'ಗಳ ಚಿಕ್ಕ ಬಾಲ ಅಂಟಿಸಿದರೆ ಹೆಚ್ಚಾಗಿ 'ಇದನ್ನು ತಿಂದು ಮುಗಿಸಿ' ಅಂತ ಗುರುತು.

ಪ್ರಶ್ನೆ: ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು ಅಂತ ನನ್ನ ತಂಗಿಗೆ ಜೀನ್ ಪರೀಕ್ಷೆ ಮಾಡಿಸಿದೆವು. ವರದಿಯಲ್ಲಿ 'ಪ್ರೋಥ್ರಾಂಬಿನ್ ಜಿ20210ಎ' ಅಂತ ಬಂದಿದೆ. ಪ್ರೋಟೀನಿನಲ್ಲಿ ಯಾವ ದೋಷವೂ ಇಲ್ಲ, ಜೀನಿನ ಕೊನೆಯಲ್ಲಿ ಒಂದು ಅಕ್ಷರ ಬದಲಾಗಿದೆ ಅಂತ ಡಾಕ್ಟರ್ ಹೇಳಿದರು. ಪ್ರೋಟೀನು ಸರಿ ಇದ್ದರೆ ತೊಂದರೆ ಎಲ್ಲಿಂದ ಬಂತು? ನನಗೆ ತಲೆಬುಡ ತಿಳಿಯಲಿಲ್ಲ.

ಉತ್ತರ: ನಿಮ್ಮ ತಂಗಿ ಈಗ ಹುಷಾರಾಗಿದ್ದಾರೆ ಅಂದುಕೊಂಡಿದ್ದೇನೆ. ಚಿಕಿತ್ಸೆಯ ಮಾತು ಡಾಕ್ಟರ್ ಹತ್ತಿರವೇ ಕೇಳಿ, ಅದನ್ನು ನಾನು ಹೇಳುವುದು ಸರಿಯಲ್ಲ. ಆ ಒಂದು ಅಕ್ಷರ ಏನು ಮಾಡುತ್ತದೆ ಅನ್ನುವುದನ್ನು ಮಾತ್ರ ಹೇಳುತ್ತೇನೆ.

ಮೇಲೆ ಕತ್ತರಿ ಬೀಳುವ ಜಾಗದ ಬಗ್ಗೆ ಬರೆದೆ. ಕತ್ತರಿಗೆ ಅಲ್ಲಿ ಒಂದು ಇಷ್ಟದ ಜೋಡಿ ಇದೆ: 'ಸಿ' ಆದ ಮೇಲೆ 'ಎ'. ಪ್ರೋಥ್ರಾಂಬಿನ್ ಜೀನಿನಲ್ಲಿ ಸಾಮಾನ್ಯವಾಗಿ ಅಲ್ಲಿರುವುದು 'ಸಿ' ಆದ ಮೇಲೆ 'ಜಿ'. ಅಂದರೆ ಕತ್ತರಿಗೆ ಅಷ್ಟೇನೂ ಇಷ್ಟವಿಲ್ಲದ ಜಾಗ. ಕೆಲಸ ಆಗುತ್ತದೆ, ಆದರೆ ಹೇಗೋ ಆಗುತ್ತದೆ. ನಿಮ್ಮ ತಂಗಿಯ ವರದಿಯಲ್ಲಿರುವುದು ಆ 20210ನೇ ಜಾಗದ 'ಜಿ' ಹೋಗಿ 'ಎ' ಆಗಿದೆ ಅಂತ. ಸಿ-ಎ ಆಯಿತು. ಕತ್ತರಿ ಸಲೀಸಾಗಿ ಬೀಳುತ್ತದೆ, ತುದಿ ಚೆನ್ನಾಗಿ ತಯಾರಾಗುತ್ತದೆ, ಸಂದೇಶ ಜಾಸ್ತಿ ಉಳಿಯುತ್ತದೆ, ಪ್ರೋಥ್ರಾಂಬಿನ್ ಜಾಸ್ತಿ ತಯಾರಾಗುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನು ಅದು. ಒಂದೊಂದು ಪ್ರೋಟೀನೂ ನೂರಕ್ಕೆ ನೂರು ಸರಿ, ಒಟ್ಟು ಲೆಕ್ಕ ಮಾತ್ರ ಏರಿದೆ. ಡಾಕ್ಟರ್ ಹೇಳಿದ್ದು ಇದನ್ನೇ.

ಈ ಬದಲಾವಣೆ ವರದಿಯಾಗಿದ್ದು 1996ರಲ್ಲಿ. ಯುರೋಪ್ ಮೂಲದವರಲ್ಲಿ ನೂರಕ್ಕೆ ಸುಮಾರು ಇಬ್ಬರಲ್ಲಿ ಕಾಣುತ್ತದೆ. ಎರಡು ಪ್ರತಿಗಳಲ್ಲಿ ಒಂದು ಪ್ರತಿ ಹೀಗಿದ್ದರೆ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡರಿಂದ ಮೂರು ಪಟ್ಟು ಏರುತ್ತದೆ. ಆದರೂ ಇದು ಇರುವವರಲ್ಲಿ ಹೆಚ್ಚಿನವರಿಗೆ ಜೀವನದಲ್ಲಿ ಒಮ್ಮೆಯೂ ಹೆಪ್ಪುಗಟ್ಟುವುದಿಲ್ಲ. ಈ ಮಾತನ್ನು ದಯವಿಟ್ಟು ನಿಮ್ಮ ತಂಗಿಗೂ ಹೇಳಿ.

ಇದಕ್ಕೆ ಸರಿಯಾಗಿ ಎದುರು ನಿಲ್ಲುವ ಇನ್ನೊಂದು ಉದಾಹರಣೆ ಇದೆ. ರಕ್ತದ ಹಿಮೋಗ್ಲೋಬಿನ್ನಿನ ಒಂದು ಪಾಲು ಆಲ್ಫಾ ಗ್ಲೋಬಿನ್. ಕೆಲವರಲ್ಲಿ ಅದರ ಜೀನಿನ ಆರು ಅಕ್ಷರದ ಗುರುತು ಕೆಟ್ಟಿರುತ್ತದೆ, ಕೊನೆಯ 'ಎ' ಇದ್ದ ಕಡೆ 'ಜಿ' ಬಂದಿರುತ್ತದೆ. 1983ರಲ್ಲಿ ಇದು ಪತ್ತೆಯಾಯಿತು. ಇಲ್ಲೂ ಪ್ರೋಟೀನಿನ ಬರಹ ಪೂರ್ತಿ ಸರಿ. ಆದರೆ ಕತ್ತರಿಯ ತಂಡಕ್ಕೆ ಗುರುತು ಸಿಗುವುದಿಲ್ಲ, ಪಾಲಿಮರೇಸ್ ದಾಟಿ ಓಡುತ್ತದೆ, ಸರಿಯಾದ ತುದಿ ಆಗುವುದಿಲ್ಲ, ಸಂದೇಶ ತೀರಾ ಕಡಿಮೆ. ಥಲಸೇಮಿಯಾ ಅನ್ನುವ, ಹಿಮೋಗ್ಲೋಬಿನ್ ಕೊರತೆಯ ಕಾಯಿಲೆ ಬರುತ್ತದೆ. ಒಂದು ಅಕ್ಷರ ಕತ್ತರಿಗೆ ಅಡ್ಡ ಬಂದರೆ ಒಂದು ಕಾಯಿಲೆ, ಇನ್ನೊಂದು ಅಕ್ಷರ ಕತ್ತರಿಗೆ ಅನುಕೂಲ ಮಾಡಿಕೊಟ್ಟರೂ ಒಂದು ಕಾಯಿಲೆ. ಪ್ರೋಟೀನಿನ ಬರಹವನ್ನಷ್ಟೇ ಓದಿ 'ದೋಷ ಇಲ್ಲ' ಅಂದರೆ ಇವೆರಡೂ ಕಣ್ತಪ್ಪಿ ಹೋಗುತ್ತವೆ. ಜೀನ್ ಪರೀಕ್ಷೆಯಲ್ಲಿ ಈ ತುದಿಗಳನ್ನೂ ನೋಡಲೇಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಪ್ರಶ್ನೆ: ವೈರಸ್‌ಗಳು ಟೋಪಿ ಕದಿಯುತ್ತವೆ ಅಂತ ಎಲ್ಲೋ ಓದಿದೆ. ನಿಜವೇ? ಎಂಆರ್‌ಎನ್‌ಎ ಲಸಿಕೆಗೂ ಟೋಪಿ ಹಾಕುತ್ತಾರಾ?

ಉತ್ತರ: ಎರಡೂ ನಿಜ. ಫ್ಲೂ ವೈರಸ್‌ಗೆ ಟೋಪಿ ಮಾಡಲು ಬರುವುದಿಲ್ಲ. ನಮ್ಮ ಕೋಶದ ನ್ಯೂಕ್ಲಿಯಸ್ಸಿಗೆ ನುಗ್ಗಿ, ಆಗಷ್ಟೇ ತಯಾರಾದ ನಮ್ಮ ಆರ್‌ಎನ್‌ಎಯ ಟೋಪಿಯನ್ನು ಹಿಡಿದು, 10–13 ಅಕ್ಷರದ ಕುತ್ತಿಗೆ ಸಮೇತ ಕತ್ತರಿಸಿ, ಅದರ ಮುಂದಕ್ಕೆ ತನ್ನ ಸಂದೇಶ ಬರೆದುಕೊಳ್ಳುತ್ತದೆ. ಈ ಕತ್ತರಿಯನ್ನೇ ಕಟ್ಟಿಹಾಕುವ ಬಲೋಕ್ಸಾವಿರ್ ಅನ್ನುವ ಔಷಧಿಗೆ 2018ರಲ್ಲಿ ಜಪಾನಿನಲ್ಲೂ ಅಮೆರಿಕದಲ್ಲೂ ಒಪ್ಪಿಗೆ ಸಿಕ್ಕಿತು. ಬಾಲಕ್ಕೆ ಫ್ಲೂ ವೈರಸ್ ಮಾಡುವುದು ಇನ್ನೊಂದು ತರಹ. ತನ್ನ ಮೂಲಪ್ರತಿಯಲ್ಲಿರುವ ಐದಾರು 'ಯು'ಗಳ ಮೇಲೆ ಮುಂದೆ ಹೋಗಲಾಗದೆ ತೊದಲುತ್ತ, ಅದನ್ನೇ ಮತ್ತೆ ಮತ್ತೆ ಓದಿ 'ಎ-ಎ-ಎ' ಅಂತ ಬರೆಯುತ್ತದೆ. ಸಾಲದ್ದಕ್ಕೆ ಅದರ ಎನ್‌ಎಸ್‌-1 ಪ್ರೋಟೀನು ನಮ್ಮ ಸಿಪಿಎಸ್‌ಎಫ್ ತಂಡದ ಒಬ್ಬ ಸದಸ್ಯನನ್ನು ಹಿಡಿದುಕೊಂಡು ನಮ್ಮ ಆರ್‌ಎನ್‌ಎಗೆ ತುದಿ ಆಗದ ಹಾಗೆ ಮಾಡುತ್ತದೆ. ಪೋಲಿಯೊ ವೈರಸ್ ಟೋಪಿಯ ಗೊಡವೆಗೇ ಹೋಗುವುದಿಲ್ಲ. ಟೋಪಿ ಇಲ್ಲದೆಯೇ ರೈಬೋಸೋಮನ್ನು ಕರೆಸಿಕೊಂಡು, ನಮ್ಮ ಕಡೆಯ ಟೋಪಿ ಹಿಡಿಯುವ ತಂಡವನ್ನು ಮುರಿದು ಹಾಕುತ್ತದೆ.

ಲಸಿಕೆಯ ಆರ್‌ಎನ್‌ಎಗೆ ಟೋಪಿ ಇಲ್ಲದಿದ್ದರೆ ಎರಡು ತೊಂದರೆ. ಪ್ರೋಟೀನು ಸರಿಯಾಗಿ ತಯಾರಾಗುವುದಿಲ್ಲ. ಮೇಲಿಂದ, ಬರಿಯ ತುದಿಯಲ್ಲಿ ಮೂರು ಫಾಸ್ಫೇಟ್ ಕಂಡರೆ ಆರ್‌ಐಜಿ-1 ಅನ್ನುವ ಕಾವಲುಗಾರ ಪ್ರೋಟೀನು 'ವೈರಸ್ ಬಂತು' ಅಂತ ಬೊಬ್ಬೆ ಹಾಕುತ್ತದೆ. ಫೈಜರ್–ಬಯೋಎನ್‌ಟೆಕ್ ಕೊರೊನಾ ಲಸಿಕೆಯ ಬಾಲ ನೋಡಿ: 30 'ಎ', ನಡುವೆ 10 ಬೇರೆ ಅಕ್ಷರ, ಆಮೇಲೆ 70 'ಎ'. ಒಂದೇ ಅಕ್ಷರದ ಉದ್ದನೆಯ ಸಾಲು ಬ್ಯಾಕ್ಟೀರಿಯಾದೊಳಗೆ ಬೆಳೆಸುವ ಡಿಎನ್‌ಎಯಲ್ಲಿ ಸುಲಭಕ್ಕೆ ನಿಲ್ಲುವುದಿಲ್ಲ, ಮೋಟಾಗುತ್ತ ಬರುತ್ತದೆ. ನಡುವೆ ಹೀಗೊಂದು ತಡೆ ಇಟ್ಟರೆ ಹೆಚ್ಚು ಹೊತ್ತು ತಾಳುತ್ತದೆ.

ಪ್ರಶ್ನೆ: ಒಂದು ಜೀನಿಗೆ ಒಂದೇ ಕೊನೆಯೇ?

ಉತ್ತರ: ಮನುಷ್ಯರ ಅರ್ಧಕ್ಕೂ ಹೆಚ್ಚು ಜೀನ್‌ಗಳಿಗೆ ಒಂದಕ್ಕಿಂತ ಜಾಸ್ತಿ ಕೊನೆ ಇವೆ. ಎಲ್ಲಿ ಕತ್ತರಿಸಬೇಕು ಅನ್ನುವುದನ್ನು ಕೋಶ ಸಂದರ್ಭ ನೋಡಿ ಆರಿಸಿಕೊಳ್ಳುತ್ತದೆ. ಚೆನ್ನಾದ ಉದಾಹರಣೆ ನಮ್ಮ ರಕ್ತದ ಬಿ-ಕೋಶ. ಐಜಿಎಂ ಅನ್ನುವ ಪ್ರತಿಕಾಯವನ್ನು ಅದು ಮೊದಲು ತನ್ನ ಮೈಮೇಲೆ ಸಿಕ್ಕಿಸಿಕೊಂಡು ಶತ್ರುವನ್ನು ಹುಡುಕುತ್ತದೆ. ಶತ್ರು ಸಿಕ್ಕಿ ಬಿ-ಕೋಶ ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶವಾದ ಮೇಲೆ ಅದೇ ಐಜಿಎಂ ಅನ್ನು ರಕ್ತಕ್ಕೆ ಸುರಿಯುತ್ತದೆ. ಜೀನ್ ಅದೇ. ಆಗ ಕತ್ತರಿ ದೂರದ ಗುರುತಿನಲ್ಲಿ ಬೀಳುತ್ತಿತ್ತು, ಮೈಗೆ ಸಿಕ್ಕಿಸಿಕೊಳ್ಳುವ ಕೊಂಡಿಯ ಭಾಗವೂ ಸಂದೇಶದಲ್ಲಿ ಇರುತ್ತಿತ್ತು. ಈಗ ಹತ್ತಿರದ ಗುರುತಿನಲ್ಲೇ ಬೀಳುತ್ತದೆ, ಕೊಂಡಿ ಆಚೆಗೆ ಉಳಿಯುತ್ತದೆ. ಇದು ಗೊತ್ತಾಗಿದ್ದು 1980ರಲ್ಲಿ.

ಪ್ರಶ್ನೆ: ಬಾಲ ದಿನ ಕಳೆದ ಹಾಗೆ ಚಿಕ್ಕದಾಗುತ್ತದೆ, ಚಿಕ್ಕದಾದರೆ ಎಂಆರ್‌ಎನ್‌ಎ ಸಾಯುತ್ತದೆ ಅಂತ ನಮ್ಮ ಮೇಡಂ ಹೇಳಿದರು. ಒಮ್ಮೆ ಚಿಕ್ಕದಾದ ಬಾಲ ಮತ್ತೆ ಬೆಳೆಯುತ್ತದಾ?

ಉತ್ತರ: ನಿಮ್ಮ ಮೇಡಂ ಹೇಳಿದ್ದು ಸರಿ. ನ್ಯೂಕ್ಲಿಯಸ್ ಬಿಟ್ಟು ಹೊರಗೆ ಬಂದ ಹೊತ್ತಿನಿಂದ ಬಾಲವನ್ನು ಸವೆಸುವವರಿದ್ದಾರೆ, ಅವರಲ್ಲಿ ಮುಖ್ಯವಾಗಿ ಸಿಸಿಆರ್‌-4–ನಾಟ್ ಅನ್ನುವ ತಂಡ. ಬಾಲ ತೀರಾ ಮೋಟಾದಾಗ ಡಿಸಿಪಿ-2 ಅನ್ನುವ ಕಿಣ್ವ ಬಂದು ತಲೆಯ ಟೋಪಿ ತೆಗೆಯುತ್ತದೆ. ಒಂಟಿ ಫಾಸ್ಫೇಟಿನ ಬರಿಯ ತುದಿ ಉಳಿಯುತ್ತದೆ. ಆಮೇಲೆ ಎಕ್ಸ್‌ಆರ್‌ಎನ್‌-1 ತಿಂದು ಮುಗಿಸುತ್ತದೆ. ಕೆಲವು ಸಂದೇಶಗಳ ಆಯಸ್ಸು ಅರ್ಧ ಗಂಟೆಯೂ ಇಲ್ಲ, ಗ್ಲೋಬಿನ್ನಿನಂಥವು ದಿನಕ್ಕಿಂತ ಹೆಚ್ಚು ಬಾಳುತ್ತವೆ.

ಮತ್ತೆ ಬೆಳೆಯುತ್ತದಾ ಅಂದರೆ, ಬೆಳೆಯುತ್ತದೆ. ಅಂಡಾಣುವಿನಲ್ಲಿ. ಪೂರ್ತಿ ಬೆಳೆದ ಅಂಡಾಣು ಹೊಸ ಆರ್‌ಎನ್‌ಎ ತಯಾರಿಸುವುದನ್ನೇ ನಿಲ್ಲಿಸಿರುತ್ತದೆ. ಮುಂದೆ ಬೇಕಾಗುವ ಸಂದೇಶಗಳನ್ನು ಮೊದಲೇ ಬರೆದು, ಹಲವಕ್ಕೆ ಬಾಲವನ್ನು ಚಿಕ್ಕದು ಮಾಡಿ, ಸದ್ದಿಲ್ಲದೆ ಎತ್ತಿಟ್ಟಿರುತ್ತದೆ. ಚಿಕ್ಕ ಬಾಲ ಇದ್ದರೂ ಅವು ಅಲ್ಲಿ ಸಾಯುವುದಿಲ್ಲ, ಕಾಯುತ್ತವೆ. ಆಫ್ರಿಕಾದ ಜೆನೋಪಸ್ ಕಪ್ಪೆಯ ಅಂಡಾಣುವಿನಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ಪ್ರೊಜೆಸ್ಟೆರಾನ್ ಹಾರ್ಮೋನು ತಾಗಿದ ಮೇಲೆ, 'ಯು'ಗಳು ಜಾಸ್ತಿ ಇರುವ ಒಂದು ಗುರುತಿನ ಮೇಲೆ ಕೂತಿದ್ದ ಸಿಪಿಇಬಿ ಅನ್ನುವ ಪ್ರೋಟೀನಿಗೆ ಫಾಸ್ಫೇಟ್ ಅಂಟುತ್ತದೆ, ಅದು ಸಿಪಿಎಸ್‌ಎಫ್ ಅನ್ನು ಕರೆಯುತ್ತದೆ, ನ್ಯೂಕ್ಲಿಯಸ್ಸಿನ ಹೊರಗೇ ಮತ್ತೆ 'ಎ'ಗಳನ್ನು ಪೋಣಿಸುವ ಕೆಲಸ ಶುರುವಾಗುತ್ತದೆ. ಮೋಸ್, ಸೈಕ್ಲಿನ್‌-ಬಿ ಮುಂತಾದ ಪ್ರೋಟೀನುಗಳು ತಯಾರಾಗುತ್ತವೆ, ಅರ್ಧಕ್ಕೆ ನಿಂತಿದ್ದ ಕೋಶ ವಿಭಜನೆ ಮುಂದೆ ಸಾಗುತ್ತದೆ. ಮನುಷ್ಯರಲ್ಲೂ ಭ್ರೂಣ ತನ್ನ ಸ್ವಂತ ಜೀನ್‌ಗಳನ್ನು ಜೋರಾಗಿ ಓದಲು ಶುರುಮಾಡುವುದು ಮೂರನೇ ದಿನದ ಹೊತ್ತಿಗೆ, ನಾಲ್ಕರಿಂದ ಎಂಟು ಕೋಶಗಳಾದಾಗ. ಅಲ್ಲಿಯವರೆಗೆ ಅದನ್ನು ನಡೆಸುವುದು ತಾಯಿಯ ಅಂಡಾಣು ಎತ್ತಿಟ್ಟಿದ್ದ ಸಂದೇಶಗಳು.